ಆಗಿಬರದ ಎಣ್ಣೆ

ಬಾಟಲಿಯ ಮೇಲಿದ್ದದ್ದು ತಂಗಿಯ ಬೆನ್ನು. ಮುಖವಿಲ್ಲ, ಸೊಂಟ ದಾಟಿ ಇಳಿದ ಕಪ್ಪು ಜಡೆ ಮಾತ್ರ. ಅಕ್ಕ ಹಿಂದಿನ ಕೋಣೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ಕಾಯಿಸಿ ಮಾರಲು ಶುರುಮಾಡಿದಾಗ ಆ ಜಡೆಯ ಫೋಟೋ ತೆಗೆಸಿ ಅಂಟಿಸಿದ್ದಳು. ಜಡೆ ನೋಡಿ ಎಣ್ಣೆ ಖರ್ಚಾಯಿತು. ಎಣ್ಣೆ ಹಚ್ಚಿ ಹಚ್ಚಿ ಜಡೆ ಖರ್ಚಾಯಿತು.

ಮೊದಲು ಬರೀ ತುರಿಕೆ. ಆಮೇಲೆ ಕಿವಿಯ ಹಿಂದೆ ಕೆಂಪು, ದಿಂಬಿನ ತುಂಬ ಹೊಟ್ಟು, ಬಾಚಣಿಗೆಯಲ್ಲಿ ಉಂಡೆ ಉಂಡೆ ಕೂದಲು. ಪುಕ್ಕಟೆ ಸಲಹೆಗೆ ಬರವೇ? ಗಂಡ ನಲ್ಲಿ ನೀರನ್ನು ದೂರಿದ, ಅತ್ತೆ ಸೊಸೆಯ ಸಿಡುಕನ್ನು ದೂರಿದರು, ಪಕ್ಕದ ಮನೆಯವಳು "ವಯಸ್ಸಾಯ್ತಲ್ಲ" ಎಂದು ನಕ್ಕಳು. ಅಕ್ಕ ಮಾತ್ರ, "ಎಣ್ಣೆ ಸಾಲ್ತಿಲ್ಲ ಕಣೇ, ಇನ್ನೂ ಜಾಸ್ತಿ ತಿಕ್ಕು" ಅಂದಳು.

ತಂಗಿ ತಿಕ್ಕಿದಳು. ಅಮ್ಮ ಹೋದ ಮೇಲೆ ಅವಳ ಸಿಕ್ಕು ಬಿಡಿಸಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ಈ ಅಕ್ಕನೇ. ಅವಳ ಮಾತು ಮೀರಿ ಗೊತ್ತಿರಲಿಲ್ಲ.

ತಲೆಗೆ ಬಟ್ಟೆ ಕಟ್ಟಿಕೊಂಡು ತಿರುಗುವ ಹೊತ್ತಿಗೆ ಬುದ್ಧಿ ಬಂದು ಚರ್ಮದ ಡಾಕ್ಟರ ಹತ್ತಿರ ಹೋದಳು. ಅವರು ಮನೆಯಲ್ಲಿ ಬಳಸುವುದನ್ನೆಲ್ಲ ತರಿಸಿ, ಇಂಥ ಎಣ್ಣೆಗೆ ಹಾಕುವ ಸೆಂಟನ್ನು ತಾವೇ ಸೇರಿಸಿ, ಒಂದೊಂದರದ್ದೂ ಒಂದು ಚೂರನ್ನು ಪಟ್ಟಿಗೆ ಹಾಕಿ ಬೆನ್ನಿಗೆ ಅಂಟಿಸಿ ಕಳಿಸಿದರು. ಪಟ್ಟಿ ಕಿತ್ತ ಮೇಲೆ ನೋಡಿದರೆ ಸೋಪು, ಶಾಂಪೂ ಸುಮ್ಮನಿದ್ದವು. ಎಣ್ಣೆಯ ಜಾಗ, ಎಣ್ಣೆಗೆ ಹಾಕುವ ಸೆಂಟಿನ ಜಾಗ, ಎರಡೂ ಊದಿಕೊಂಡಿದ್ದವು.

"ಅಲರ್ಜಿ. ನೆತ್ತಿ ಹೀಗೆ ಉರಿದು ಬಾತುಕೊಂಡ್ರೆ, ನೀವೂ ಕೆರೀತಾ ಇದ್ರೆ, ಕೂದಲು ಹೇಗೆ ನಿಲ್ಲುತ್ತೆ? ಎಣ್ಣೆ ಬಿಡಿ. ಬಹಳಷ್ಟು ವಾಪಸ್ ಬರಬಹುದು."

"ನಮ್ಮಕ್ಕನೇ ಮಾಡಿದ್ದು ಸಾರ್."

"ಚರ್ಮಕ್ಕೆ ನೆಂಟಸ್ತಿಕೆ ಗೊತ್ತಾಗಲ್ಲಮ್ಮ."

ವಿಷಯ ತಿಳಿದರೆ ಅಕ್ಕ ಅತ್ತುಬಿಡುತ್ತಾಳೆ, ಅವಳನ್ನು ಹೇಗೆ ಸಮಾಧಾನ ಮಾಡುವುದು ಎಂದು ಯೋಚಿಸುತ್ತಲೇ ತಂಗಿ ನೇರ ಅಕ್ಕನ ಮನೆಗೆ ಹೋದಳು. ಪಾಪದವಳು. ಅಕ್ಕ ಬಾಟಲಿಗಳಿಗೆ ಎಣ್ಣೆ ಹೊಯ್ಯುತ್ತಿದ್ದಳು. ಎಲ್ಲ ಕೇಳಿ, ಕೈ ನಿಲ್ಲಿಸದೆ ಹೇಳಿದಳು:

"ಸೆಂಟಿಲ್ದಿದ್ರೆ ಯಾರು ತಗೋತಾರೆ? ಊರಿಗೆಲ್ಲ ಆಗಿಬರುತ್ತೆ, ನಿನಗೊಬ್ಬಳಿಗೆ ಏನು ಬಂತು?"

ತಂಗಿಗೆ ರೇಗಿಹೋಯಿತು. ಅಂಗೈಗೆ ಎಣ್ಣೆ ಸುರಿದುಕೊಂಡಳು. "ಹಾಗಾದ್ರೆ ಬಾ, ನಿನಗೂ ಹಚ್ತೀನಿ."

ಅಕ್ಕ ಥಟ್ಟನೆ ತಲೆ ಹಿಂದಕ್ಕೆಳೆದಳು. "ಬೇಡ ಬೇಡ, ನನಗೆ ಆಗಿಬರಲ್ಲ."

ತಂಗಿ ಕೈ ಕೆಳಗಿಳಿಸಿದಳು.

"ಯಾವಾಗಿಂದ?"

"ಸೆಂಟು ಹಾಕೋಕೆ ಶುರುಮಾಡಿದಾಗಿಂದ. ತುರಿಸ್ತಿತ್ತು, ಬಿಟ್ಟೆ. ನಿನಗೂ ಹಂಗೇ ಆಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

"ತುರಿಸುತ್ತೆ ಅಂತ ನಾನು ಬಂದಾಗ ಜಾಸ್ತಿ ತಿಕ್ಕು ಅಂದ್ಯಲ್ಲ ಅಕ್ಕಾ."

ಅಕ್ಕ ಮುಚ್ಚಳ ಹುಡುಕತೊಡಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಗಿರಾಕಿ ಹೆಂಗಸು ಬಂದು ನಿಂತಳು. ಬಾಟಲಿಯೊಂದನ್ನು ಎತ್ತಿ ಚಿತ್ರದ ಮೇಲೆ ಬೆರಳಾಡಿಸಿದಳು.

"ಇದು ನಿಮ್ಮ ತಂಗಿಯ ಕೂದಲಂತೆ, ಹೌದಾ? ಒಂದ್ಸಲ ಕಣ್ಣಾರೆ ನೋಡಬೇಕಿತ್ತು."

"ಅವಳು ಊರಲ್ಲಿಲ್ಲ" ಅಂದಳು ಅಕ್ಕ, ಪಕ್ಕದಲ್ಲೇ ನಿಂತಿದ್ದವಳ ಕಡೆ ತಿರುಗಿಯೂ ನೋಡದೆ.

ತಂಗಿಗೆ ಕೂದಲು ಹೋದದ್ದಕ್ಕೆ ಇಷ್ಟು ಅಳು ಬಂದಿರಲಿಲ್ಲ. ಎಣ್ಣೆಗೈಯಲ್ಲೇ ತಲೆಯ ಬಟ್ಟೆ ಬಿಚ್ಚಿದಳು. ಅಲ್ಲಲ್ಲಿ ಬೋಳು, ಅಲ್ಲಲ್ಲಿ ಕೆರೆದು ಕೆಂಪಾದ ಗಾಯ.

"ಊರಲ್ಲೇ ಇದೀನಿ."

"ಅಯ್ಯೋ ತಾಯಿ!" ಅಂದಳು ಆ ಗುರುತಿಲ್ಲದ ಹೆಂಗಸು. ಅವಳ ಕಣ್ಣು ಒದ್ದೆಯಾಯಿತು.

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಆ ಹೆಂಗಸಿನ ಕೈಯನ್ನೇ ನೋಡುತ್ತಿದ್ದಳು, ಬಾಟಲಿಯನ್ನು ಕೊಳ್ಳದೆ ಎಲ್ಲಿ ಕೆಳಗಿಟ್ಟುಬಿಡುತ್ತಾಳೋ ಎಂದು.