ಒದ್ದೆ ಇದ್ದಿಲು

ಸಾಲ್ಹಾಳ ಅಂಗೈಯ ಗೆರೆಗಳು ಕಪ್ಪಾಗಿಬಿಟ್ಟಿದ್ದವು. ಒಂಬತ್ತು ವರ್ಷದಿಂದ ಖರ್ಜೂರದ ಬೀಜ ಸುಟ್ಟು ಇದ್ದಿಲು ಮಾಡುವುದೇ ಅವಳ ಕೆಲಸ. ಅವಳ ಜೊತೆ ನಾವು ಹನ್ನೊಂದು ಹೆಂಗಸರು. ಬೀಜ ಆರಿಸಿ, ಬಾಯಿ ಮುಚ್ಚಿದ ಡ್ರಮ್ಮಿನಲ್ಲಿ ಸುಟ್ಟು, ಕುಟ್ಟಿ, ತೊಳೆದು, ಬಿಸಿಲಿಗೆ ಒಣಗಿಸಿ ಚೀಲ ಕಟ್ಟುತ್ತಿದ್ದೆವು. ಸಂಜೆ ಉಗುಳಿದರೆ ಎಂಜಲೂ ಕಪ್ಪು.

ನಮ್ಮ ಊರು ರದೀಮ್‌ನಲ್ಲಿ ಕಂಪನಿ ಗುಡ್ಡ ಅಗೆದು ಫಾಸ್ಫೇಟ್ ತೊಳೆಯುತ್ತದೆ. ತೊಳೆದ ನೀರು ನೆಲಕ್ಕಿಳಿದು ಊರ ಬಾವಿಗೆ ಕ್ಯಾಡ್ಮಿಯಂ ಎಂಬ ವಿಷ ಸೇರಿತು. ಮೂಳೆ ನೋವು, ಮೂತ್ರಪಿಂಡದ ಕಾಯಿಲೆ ಮನೆಮನೆಗೂ ಬಂದವು. ಜನ ಗಲಾಟೆ ಮಾಡಿದ ಮೇಲೆ ಕಂಪನಿ ಚೌಕದ ನಲ್ಲಿಗೆ ನೀರು ಸೋಸುವ ಒಂದು ಟ್ಯಾಂಕು ಕೂರಿಸಿ, ನಮ್ಮನ್ನು ಕೂಲಿಗಿಟ್ಟುಕೊಂಡು ಅದರೊಳಗೆ ನಮ್ಮ ಇದ್ದಿಲು ತುಂಬಿಸಿತು. ಟ್ಯಾಂಕು ಕೂರಿಸಲು ಬಂದಿದ್ದ, ರಸಾಯನಶಾಸ್ತ್ರ ಓದಿದ ಹುಡುಗಿ ಹೋಗುವಾಗ ಎಚ್ಚರಿಸಿದ್ದಳು:

"ಖಾಲಾ, ಈ ಇದ್ದಿಲು ವಿಷಾನ ತನ್ನ ಮೈಗೆ ಅಂಟಿಸ್ಕೋತೈತಿ. ಮೂರು ತಿಂಗಳಿಗೆ ಮೈ ತುಂಬತೈತಿ. ಆಮ್ಯಾಲೆ ಬದಲಿ ಮಾಡ್ಲೇಬೇಕು."

"ನಮ್ಮತ್ತಿಗಿಂತ ಛಲೋ ಬಿಡವ್ವ," ಎಂದಿದ್ದಳು ಸಾಲ್ಹಾ. "ಆಕಿ ತನ್ನ ವಿಷಾ ಎಲ್ಲಾ ನನ್ನ ಮ್ಯಾಲೇ ಕಾರ್ತಿದ್ಲು."

ಈ ವಸಂತದಲ್ಲಿ ಲಾರಿ ಚೌಕಕ್ಕೆ 'ಹೊಸ' ಇದ್ದಿಲು ತಂದಿತು. ಸಾಲ್ಹಾ ಚೀಲದೊಳಗೆ ಕೈ ಹಾಕಿದಳು. ಒದ್ದೆ!

"ಏ ನೂರಿ, ನಾವು ಒಣಗಿಸಿ ಕೊಟ್ಟಿದ್ದು ದಾರ್ಯಾಗ ಬೆವತೈತೇನೋ?"

ಡ್ರೈವರ್ ನೂರಿ ತನ್ನ ಕಾಲ ಹೆಬ್ಬೆರಳು ನೋಡಿಕೊಂಡ. "ನನ್ನ ಹೆಸರು ಹೇಳಬ್ಯಾಡ ಖಾಲಾ. ನಿಮ್ಮ ಹೊಸಾ ಇದ್ದಿಲು ಮೊದಲು ಕಂಪನಿ ಬಂಗಲೆಗೆ ಹೋಗ್ತೈತಿ. ಅಲ್ಲಿ ಕುಡಿಯೋ ನೀರಿಗೂ, ಈಜೋ ಕೊಳಕ್ಕೂ ಅದನ್ನೇ ಹಾಕ್ತಾರ. ಪ್ರತಿ ಸಲಾನೂ ಮೂರು ತಿಂಗಳು ಅಲ್ಲಿ ದುಡಿದು ದಣಿದದ್ದೇ ಇಲ್ಲಿಗೆ ಬರ್ತೈತಿ."

ಸಾಲ್ಹಾಳ ಸೊಸೆ ಹಬೀಬಾ ಏಳು ತಿಂಗಳ ಬಸುರಿ. ಆಗಷ್ಟೇ ನೀರು ಹಿಡಿದು ನಿಂತಿದ್ದಳು. ಸಾಲ್ಹಾ ಅವಳ ಕೈಯಿಂದ ಕ್ಯಾನು ಕಿತ್ತು ಚೆಲ್ಲಿದಳು. ಆ ಹೊತ್ತು ಮಾತ್ರ ಅವಳ ಬಾಯಿಗೆ ತಮಾಷೆ ಬರಲಿಲ್ಲ.

ಎಲ್ಲರೂ ಮ್ಯಾನೇಜರ್ ಶಾದ್ಲಿ ಸಾಹೇಬರ ಕಚೇರಿಗೆ ಹೋದೆವು. ಸಾಹೇಬರು ಪುದಿನ ಚಹಾ ಗುಟುಕರಿಸುತ್ತ ಕೇಳಿಸಿಕೊಂಡರು.

"ಆ ಇದ್ದಿಲು ಹೊಸದಿದ್ದಂಗ ಐತಿ. ಇನ್ನೂ ಆರು ತಿಂಗಳು ಬಾಳತೈತಿ. ನಿಮಗೇನು ತಿಳೀತೈತಿ?"

"ನಮಗೇನು ತಿಳೀತೈತ್ರಿ, ಬರೀ ಸುಡೋರು ನಾವು," ಎಂದಳು ಸಾಲ್ಹಾ. "ಆದ್ರ ಊರ ಮಂದಿ ನಂಬಂಗಿಲ್ರಿ. ಅಷ್ಟು ಕಾಗದದಾಗ ಬರದು ಕೊಡ್ರಿ. ನಿಮ್ಮ ಮೊಹರು ಕಂಡ್ರ ಬಾಯಿ ಮುಚ್ಚತಾರ."

ಪೀಡೆ ತೊಲಗಲಿ ಎಂದು ಸಾಹೇಬರು ಬರೆದರು: 'ಈ ಇದ್ದಿಲು ಹೊಸದಕ್ಕೆ ಸಮ. ಎಲ್ಲಿ ಬೇಕಾದರೂ ಬಳಸಬಹುದು.' ಸಹಿ ಹಾಕಿ ಮೊಹರನ್ನೂ ಒತ್ತಿದರು.

ಮರುದಿನ ಬೆಳಿಗ್ಗೆ ಒದ್ದೆ ಚೀಲಗಳನ್ನು ಎರಡು ಕತ್ತೆಗಾಡಿಗೆ ಹೇರಿ ಬಂಗಲೆಗೆ ನಡೆದೆವು. ಕಾವಲುಗಾರ ಮೊಹರು ನೋಡಿದ್ದೇ ಗೇಟು ತೆಗೆದ. ಮೊನ್ನೆಯಷ್ಟೇ ತುಂಬಿದ್ದ ನಮ್ಮ ಹೊಸ ಇದ್ದಿಲನ್ನು ಅಲ್ಲಿನ ಟ್ಯಾಂಕಿನಿಂದ ತೋಡಿ ಚೀಲಕ್ಕೆ ತುಂಬಿ, ಹಳೆಯದನ್ನು ಅಲ್ಲಿ ಸುರಿದೆವು. ಮಧ್ಯಾಹ್ನದ ಹೊತ್ತಿಗೆ ಹೊಸದು ಚೌಕದ ಟ್ಯಾಂಕು ಸೇರಿತ್ತು.

ಅವತ್ತೇ ರಾಜಧಾನಿ ಟ್ಯುನಿಸ್‌ನಿಂದ ಕಂಪನಿಯ ದೊಡ್ಡವರು ಬಂಗಲೆಗೆ ಊಟಕ್ಕೆ ಬರುವವರಿದ್ದರು. ಸಾಹೇಬರ ಕಾರು ಧೂಳೆಬ್ಬಿಸುತ್ತ ಚೌಕಕ್ಕೆ ಬಂತು.

"ಯಾರ ಅಪ್ಪಣೆ ತಗೊಂಡು ಮಾಡಿದ್ರಿ?"

"ನಿಮ್ದೇ ರೀ." ಸಾಲ್ಹಾ ಕಾಗದ ಬಿಡಿಸಿ ಹಿಡಿದಳು. "ಹೊಸದಕ್ಕ ಸಮ ಅಂತ ಬರ್ದೀರಿ. ಸಮ ಅಂದ ಮ್ಯಾಲೆ ಯಾವುದು ಎಲ್ಲಿದ್ರೇನ್ರಿ?"

"ಹುಚ್ಚಿ! ದೊಡ್ಡ ಮಂದಿ ಬರಾಕತ್ತಾರ. ಅವರು ಆ ನೀರು ಕುಡೀಬೇಕೇನು?"

ಹೇಳಿದ ಮೇಲೆ ಆ ಮಾತು ಸಾಹೇಬರಿಗೂ ಕೇಳಿಸಿತು. ಹಬೀಬಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ಕೇಳಿದಳು:

"ಮತ್ತ ನಾವು ಕುಡೀಬಹುದೇನ್ರಿ?"

"ನಿಮ್ಮೆಲ್ಲರ ಕೆಲಸ ತೆಗೀತೀನಿ," ಎಂದರು ಸಾಹೇಬರು. ದನಿ ಮಾತ್ರ ಇಳಿದಿತ್ತು.

"ತೆಗೀರಿ ಸಾಹೇಬ್ರ. ಮುಂದಿನ ಇದ್ದಿಲು ನೀವೇ ಸುಡ್ರಿ. ಡ್ರಮ್ಮಿನ ಮುಚ್ಚಳ ಬಿಸಿ ಇರ್ತೈತಿ, ಜ್ವಾಕಿ," ಎಂದಳು ಸಾಲ್ಹಾ.

ಅತಿಥಿಗಳು ಬರುವ ಹೊತ್ತಾಗಿತ್ತು. ಸಾಹೇಬರು ಕಾರಿನ ಡಿಕ್ಕಿಯಿಂದ ಎರಡು ಖಾಲಿ ಕ್ಯಾನು ತೆಗೆದುಕೊಂಡು ನೇರ ನಲ್ಲಿಯ ಹತ್ತಿರ ಬಂದರು.

"ಸಾಲು ಅಲ್ಲಿಂದ ಐತ್ರಿ," ಎಂದು ಸಾಲ್ಹಾ ಕೈ ತೋರಿಸಿದಳು.

ಸಾಲಿನ ಬಾಲ ಕಟುಕನ ಅಂಗಡಿ ದಾಟಿ ಹೋಗಿತ್ತು. ಸಾಹೇಬರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನಡೆದು ಹೋಗಿ ಕೊನೆಯಲ್ಲಿ, ಬಿಸಿಲಲ್ಲಿ ನಿಂತರು.

ಅವತ್ತು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡೆವು; ನಮ್ಮ ಯಾರ ಕ್ಯಾನೂ ಬೇಗ ತುಂಬಲಿಲ್ಲ.