ಎರಡನೆಯ ಬಸುರಿ

ಒಂದಾನೊಂದು ಊರಲ್ಲಿ ಇಬ್ಬರು ಬಸುರಿಯರಿದ್ದರಂತೆ. ಒಬ್ಬಳು ಭೂಮಿತಾಯಿ; ಅವಳ ಬಯಕೆ ತೀರಿಸಲು ಊರಿಗೆ ಊರೇ ಬುಟ್ಟಿ ಹೊತ್ತು ಬರುತ್ತಿತ್ತಂತೆ. ಇನ್ನೊಬ್ಬಳಿಗೆ ಸಿಗುತ್ತಿದ್ದದ್ದು ಇಷ್ಟು:

"ಏ ಕನ್ನಿ, ಹಲ್ಕಟ್ ಮುಂಡೆ! ಅಂಚು ಬಿಟ್ಟು ಗದ್ದೆಗೆ ಇಳೀಬ್ಯಾಡ ಅಂತ ಎಷ್ಟು ಸಲ ಬಡ್ಕೊಬೇಕು ನಿಂಗೆ?"

ಕೋಣಂದೂರಿನ ಆಚೆ, ಹಾಗೆ ಕೂಗಿದ ಹೂವಯ್ಯನ ಗದ್ದೆಯಲ್ಲಿ ಇವತ್ತು ಭೂಮಿ ಹುಣ್ಣಿಮೆ. ಭತ್ತ ಹೊಡೆ ತುಂಬಿದೆ, ಅಂದರೆ ಭೂಮಿ ಬಸುರಿ, ಇವತ್ತು ಅವಳ ಸೀಮಂತ. ಅವಳ ಮೈಗೆ ಕತ್ತಿ, ಹಾರೆ ತಾಗಬಾರದು. ಕನ್ನಮ್ಮನಿಗೂ ಎಂಟು ತಿಂಗಳು. ಈ ಗದ್ದೆಗೆ ನಾಟಿ ಹಾಕಿದವಳು ಅವಳೇ. ಎಡೆಯ ಪಲ್ಯಕ್ಕೆಂದು ಮೂರು ದಿನ ಗುಡ್ಡ ಹತ್ತಿ ನೂರೊಂದು ಬಗೆಯ ಕುಡಿ ಚಿವುಟಿ ತಂದವಳೂ ಅವಳೇ. ನಾಟಿಯ ದಿನ ಆಗದ ಮೈಲಿಗೆ ಸೀಮಂತದ ದಿನ ಆಗುತ್ತದಂತೆ. ಹೂವಯ್ಯನ ಮಡಿ ಕ್ಯಾಲೆಂಡರ್ ನೋಡಿಕೊಂಡೇ ಏಳುವಂಥದ್ದು.

"ಅಮ್ಮೋರೆ, ಒಂದು ಕಡುಬು ಕೊಡಿ. ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಎಂತದೂ ಇಲ್ಲ," ಎಂದಳು ಕನ್ನಮ್ಮ.

ಹೂವಯ್ಯನ ಹೆಂಡತಿ ಮನೋರಮಾ ಮೊಬೈಲಿನಿಂದ ಕಣ್ಣು ಕೀಳಲಿಲ್ಲ. "ಭೂಮ್ತಾಯಿ ಉಣ್ಣಕೆ ಮೊದ್ಲೇ ಇವಳಿಗೆ ಬೇಕಂತೆ! ಸೀಮಂತ ನಿಂದಾ? ಪಕ್ಕ ಸರಿಯೇ, ವಿಡಿಯೋದಲ್ಲಿ ಬರ್ತೀಯ. ಉಳಿದ್ರೆ ಕೊಡಾಣ."

ಉಳಿದ್ರೆ. ಕನ್ನಮ್ಮನ ಅಜ್ಜಿ ರಂಗಮ್ಮನೂ ಬಸುರಿಯಾಗಿ ಇದೇ ಅಂಚಿನಲ್ಲಿ ನಿಂತು ಇದೇ ಮಾತು ಕೇಳಿದ್ದಳು. ಉಳಿದಿರಲಿಲ್ಲ. ಸಾಯುವ ಮುಂಚೆ ಮೊಮ್ಮಗಳ ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು: "ನಮ್ಮ ಕೇರಿ ಬಸುರಿ ಒಬ್ಳಾದ್ರೂ, ಒಂದೇ ಸಲ ಆದ್ರೂ, ಆ ಗದ್ದೆಗಿಂತ ಮೊದ್ಲು ಉಣ್ಣಬೇಕು ಮಗಾ."

ಹೂವಯ್ಯ ಬುಟ್ಟಿ ಇಳಿಸಿ, ಬಾಳೆ ಎಲೆಯಲ್ಲಿ ಎಡೆ ಬಡಿಸಿ, ಕಣ್ಣು ಮುಚ್ಚಿದ. "ಹೊಟ್ಟೆ ತುಂಬ ಉಣ್ಣು ತಾಯೀ."

ಕನ್ನಮ್ಮ ಗದ್ದೆಗೆ ಇಳಿದಳು. ಹೊಟ್ಟೆ ಹಿಡಿದುಕೊಂಡು ಎಲೆಯ ಮುಂದೆ ಕುಳಿತು, ಕಡುಬು ಮುರಿದು, ಪಲ್ಯದಲ್ಲಿ ಒತ್ತಿ ಬಾಯಿಗಿಟ್ಟಳು.

"ಥೂ, ಏಳೇ ರಂಡೆ!" ಹೂವಯ್ಯ ಕೈ ಎತ್ತಿ ನುಗ್ಗಿದ.

"ಅಯ್ಯಯ್ಯೋ, ಮುಟ್ಬೇಡಿ ಅವಳನ್ನ! ಮಡೀಲಿದೀರಿ!" ಮನೋರಮಾ ಕಿರುಚಿದಳು.

ಎತ್ತಿದ ಕೈ ಗಾಳಿಯಲ್ಲೇ ನಿಂತಿತು.

"ಹೌದು ಅಯ್ಯಾ, ಮುಟ್ಬೇಡಿ," ಕನ್ನಮ್ಮ ಅಗಿಯುತ್ತಲೇ ಹೇಳಿದಳು. "ಉಣ್ತಾ ಇದೀನಿ."

ಅವಸರಪಡದೆ ಉಂಡಳು. ಪಾಯಸವನ್ನು ಬೆರಳಲ್ಲಿ ಬಳಿದು ನೆಕ್ಕಿದಳು. ಕೊನೆಯ ತುತ್ತನ್ನು ಉಂಡೆ ಕಟ್ಟಿ, ಭತ್ತದ ಬುಡದ ಕೆಸರಿಗೆ ಒತ್ತಿದಳು.

"ತಗಾ ತಾಯೀ, ನೀನೂ ಉಣ್ಣು. ಉಳಿದದೆ."