ರೌಟರಿನ ಬೆನ್ನ ಮೇಲಿನ ಚೀಟಿ

ನಾನು ಒಂದು ರೌಟರ್. ಮನೆಯೊಳಗೆ ಇಂಟರ್‌ನೆಟ್ ಹಂಚುವ ಪುಟ್ಟ ಪೆಟ್ಟಿಗೆ. ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಅಲ್ಲಿನ ನೆನಪು ಹೆಚ್ಚಿಲ್ಲ. ಬಿಳಿ ಕೈಗವಸು ಹಾಕಿದ ಯಾರದೋ ಕೈ ನನ್ನ ಎರಡು ಕೊಂಬುಗಳನ್ನು ತಿರುಗಿಸಿ ನೋಡಿತು, ಮೊದಲ ಸಲ ನನ್ನ ಹಸಿರು ದೀಪ ಮಿನುಗಿತು, ಆಮೇಲೆ ಕತ್ತಲು. ರಟ್ಟಿನ ಡಬ್ಬಿಯಲ್ಲಿ ಎಷ್ಟು ದಿನ ಮಲಗಿದ್ದೆನೋ, ಕಣ್ಣು ಬಿಟ್ಟಾಗ ಗದಗಿನ ಒಂದು ಮನೆಯ ಗೋಡೆಗೆ ತೂಗಿದ್ದೆ.

ಅದು ಫಕೀರಪ್ಪನವರ ಮನೆ. ರೈಲ್ವೆಯಲ್ಲಿ ಸ್ಟೇಶನ್ ಮಾಸ್ತರರಾಗಿ ನಿವೃತ್ತರಾದವರು. ಓಣಿಯ ಜನ ಈಗಲೂ ಅವರನ್ನು ಮಾಸ್ತರರೇ ಎನ್ನುತ್ತಾರೆ. ನಿವೃತ್ತಿಯ ದಿನ ಮನೆಗೆ ತಂದ ಹಸಿರು ಬಾವುಟ ನನ್ನ ಪಕ್ಕದ ಮೊಳೆಗೇ ನೇತಾಡುತ್ತಿತ್ತು. ಹೆಂಡತಿ ಗಂಗವ್ವ. ಮಗಳು ಇಂದುಮತಿಗೆ ಹುಟ್ಟಿನಿಂದಲೂ ಕಿವಿ ಕೇಳಿಸದು. ಅವಳು ಬಟ್ಟೆ ಹೊಲಿಯುತ್ತಿದ್ದ ಯಂತ್ರ ಸರಿಯಾಗಿ ನನ್ನ ಎದುರಿಗಿತ್ತು.

ನನ್ನ ಕೆಲಸ ಅರೆನಿದ್ದೆಯಲ್ಲಿ ಕನಸು ಕಾಣುವ ಹಾಗೆ. ಊರೂರಿನದು ಏನೇನೋ ಹರಿದು ಬಂದು ಮೈಯೊಳಗೆ ಹಾದುಹೋಗುತ್ತದೆ. ಲಕೋಟೆಯ ಮೇಲಿನ ವಿಳಾಸವನ್ನು ಓದಬಲ್ಲೆ, ಒಳಗಿನ ಕಾಗದವನ್ನು ಓದಲಾರೆ. ನಗುವೋ ಅಳುವೋ, ಎಲ್ಲವೂ ನನಗೆ ಒಂದೇ ತೂಕದ ಗಾಳಿ. ಇಂದುಮತಿಯ ಸೂಜಿ ಟಕಟಕ ಎನ್ನುತ್ತಿತ್ತು, ನನ್ನ ದೀಪ ಅದಕ್ಕೆ ತಾಳ ಹಾಕಿದಂತೆ ಮಿನುಗುತ್ತಿತ್ತು. ಆ ಮಧ್ಯಾಹ್ನಗಳಲ್ಲಿ ನಾನು ಬಹಳ ಸುಖವಾಗಿದ್ದೆ.

ಒಂದು ದಿನ ಗಂಗವ್ವ ನನ್ನ ಮೇಲೆ ದೂರು ಹೇಳಿದರು. "ನಮ್ಮ ಅಕ್ಕನ ಕೂಡ ಮಾತಾಡೂ ಮುಂದ ಅರ್ಧಾ ಮಾತ ನುಂಗತೈತ್ರಿ ಇದು."

ಮಾಸ್ತರರು ಕನ್ನಡಕ ಏರಿಸಿಕೊಂಡು, ಫೋನಿನಲ್ಲಿ ನನ್ನ ಸೆಟ್ಟಿಂಗಿನ ಪುಟ ತೆರೆದರು. ಯಾವುದು ಮೊದಲು ಹೋಗಬೇಕು, ಯಾವುದು ಕಾಯಬೇಕು ಎಂದು ಹೇಳಿಕೊಡುವ ಪುಟ ಅದು. ಅದನ್ನು ಕಂಡು ಅವರ ಮುಖ ಅರಳಿತು. ಮೂವತ್ತೈದು ವರ್ಷ ಅವರು ಮಾಡಿದ್ದೂ ಅದೇ ತಾನೆ.

"ಮಾತು ಹಗೂರ, ಅವಸರದ್ದು. ಅದು ಮೇಲ್ ಗಾಡಿ. ವಿಡಿಯೋ ಅಂದ್ರ ಭಾಳ ವಜ್ಜಿ, ಗೂಡ್ಸ್ ಗಾಡಿ. ಅದು ಬಾಜೂಕಿನ ಲೂಪ್ ಲೈನ್‌ನಾಗ ನಿಂದರಲಿ," ಎಂದರು.

ವಿಡಿಯೋವನ್ನು ಎಲ್ಲಕ್ಕಿಂತ ಕೆಳಗೆ ತಳ್ಳಿದರು. ಸಾಲದ್ದಕ್ಕೆ ಅದರ ದಾರಿಯನ್ನೂ ಕಿರಿದು ಮಾಡಿದರು. ಮರೆಯಬಾರದೆಂದು ಚೀಟಿಯಲ್ಲಿ ಬರೆದು ನನ್ನ ಬೆನ್ನಿಗೆ ಅಂಟಿಸಿದರು: ೧. ಮಾತು, ಮೇಲ್ ಗಾಡಿ. ೨. ಕಾಗದಪತ್ರ, ಪ್ಯಾಸೆಂಜರ್. ೩. ವಿಡಿಯೋ, ಗೂಡ್ಸ್ ಗಾಡಿ. ನಾನೂ ಬೀಗಿದೆ. ಬೆನ್ನ ಮೇಲೆ ಮಾಸ್ತರರ ಅಕ್ಷರ ಹೊತ್ತ ರೌಟರು ಎಷ್ಟಿದ್ದಾವು?

ಅದೇ ವಾರ ಬಾಗಲಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗ ಗುರುಪಾದ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಅವನಿಗೂ ಕಿವಿ ಕೇಳಿಸದು. ಹಿರಿಯರ ಮಾತು ಮುಗಿದಿತ್ತು. ಉಳಿದದ್ದು ಅವರಿಬ್ಬರ ಮಾತು. ಸಂಜೆ ನಾಲ್ಕಕ್ಕೆ ಇಂದುಮತಿ ಹೊಲಿಗೆ ಯಂತ್ರಕ್ಕೆ ಫೋನು ಆನಿಸಿಟ್ಟು ಕುಳಿತಳು. ಮೆತ್ತಗೆ ಕೈ ಆಡಿಸತೊಡಗಿದಳು. ಬೆರಳುಗಳು ನೀರಿನಲ್ಲಿ ಆಡುವ ಮೀನಿನ ಮರಿಗಳಂತಿದ್ದವು. ನಾನು ಅದನ್ನೇ ನೋಡುತ್ತ ಮೈಮರೆತೆ.

ಆಗಲೇ ಅಡುಗೆಮನೆಯಲ್ಲಿ ಗಂಗವ್ವ ಸಂಭ್ರಮ ತಡೆಯಲಾರದೆ ಅಕ್ಕನಿಗೆ ಫೋನು ಹಚ್ಚಿದರು. ಮೇಲ್ ಗಾಡಿ ಬಂತಲ್ಲ, ನಾನು ದಾರಿ ಬಿಟ್ಟೆ. ಇಂದುಮತಿಯ ಚಿತ್ರವನ್ನು ಲೂಪ್ ಲೈನಿಗೆ ಸರಿಸಿದೆ. ಅವಳ ಫೋನಿನಲ್ಲಿ ಗುರುಪಾದನ ಮುಖ ಕಲ್ಲಿನಂತೆ ನಿಂತುಬಿಟ್ಟಿತು. ಆಮೇಲೆ ಕರೆಯೇ ಕಡಿದು ಹೋಯಿತು.

ಅರ್ಧ ತಾಸಿಗೆ ಬಾಗಲಕೋಟೆಯಿಂದ ಹುಡುಗನ ತಾಯಿಯ ಫೋನು ಬಂತು. "ನಿಮ್ಮ ಹುಡುಗಿ ಬ್ಯಾಡ ಅಂದ್ಲಂತಲ್ರಿ. ಕೈ ಅಡ್ಡ ಮಾಡಿ ಹಂಗ ಕುಂತಬಿಟ್ಲಂತ. ಇರಲಿ ಬಿಡ್ರಿ, ಋಣಾ ಇಲ್ಲ."

ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅದನ್ನು ಮಗಳಿಗೆ ಕೈಯಲ್ಲೇ ತಿಳಿಸಿದರು. ಇಂದುಮತಿ ದಂಗಾದಳು. ಮಾಸ್ತರರಿಗೆ ಮಗಳ ಕೈಮಾತು ಅಷ್ಟಾಗಿ ಬಾರದು, ಹಾಗಾಗಿ ಅವರಿಗೆ ಎಲ್ಲವನ್ನೂ ಬರೆದೇ ಹೇಳುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಿಂದೆ ಬರೆದಳು: "ಹೊಲಿಗೆ ಬಿಡುವುದು ಬೇಡ, ಉಳಿದದ್ದಕ್ಕೆಲ್ಲ ಒಪ್ಪಿಗೆ ಅಂದಿದ್ದೆ." ಚಿತ್ರ ಕಡಿಕಡಿದು ನಿಂತದ್ದರಿಂದ, ಪೂರ್ತಿ ಮಾತಿನಲ್ಲಿ ಆ ಕಡೆಗೆ ಮುಟ್ಟಿದ್ದು 'ಬೇಡ' ಎಂದು ಅಡ್ಡ ಮಾಡಿದ ಕೈ ಒಂದೇ.

ಅಪ್ಪ ಚೀಟಿ ಅಂಟಿಸಿದ್ದನ್ನು ಎದುರಿನಿಂದಲೇ ಕಂಡಿದ್ದವಳು, ಆಮೇಲೆ ನನ್ನನ್ನು ಗೋಡೆಯಿಂದ ಇಳಿಸಿ ಬೆನ್ನು ತಿರುಗಿಸಿದಳು. ಚೀಟಿ ಓದಿದಳು. ಬಟ್ಟೆಗೆ ಗುರುತು ಹಾಕುವ ನೀಲಿ ಪೆನ್ಸಿಲ್ ತೆಗೆದು ಮೂರನೆಯ ಸಾಲಿನ ಕೆಳಗೆ ಬರೆದಳು:

"ಅಪ್ಪಾ, ನನ್ನ ಮಾತು ಗೂಡ್ಸ್ ಗಾಡಿಯೇನು?"

ಮಾಸ್ತರರು ಓದಿದರು. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ನೀಲಿ ಸಾಲಿನ ಮೇಲೆ ಬೆರಳಾಡಿಸಿದರು. ನನಗೂ ಸಂಕಟವಾಯಿತು. ದಿನವಿಡೀ ಅವಳೆದುರಿಗೇ ಇದ್ದೆ. ಆ ಬೆರಳುಗಳು ಚಂದ ಎಂದುಕೊಂಡೆನೇ ಹೊರತು, ಅವು ಮಾತಾಡುತ್ತಿವೆ ಎಂದು ಒಮ್ಮೆಯೂ ಹೊಳೆಯಲಿಲ್ಲ.

"ತಪ್ಪ ಮಾಡಿದ್ನಿ," ಎಂದರು ಮಾಸ್ತರರು. "ಮೂವತ್ತೈದ ವರ್ಷ ಒಂದ ಗಾಡಿಗೂ ತಪ್ಪ ಸಿಗ್ನಲ್ ಕೊಟ್ಟಾಂವಲ್ಲ. ಮನಿಯಾಗ ಕೊಟ್ನಿ."

ಸೆಟ್ಟಿಂಗಿನ ಪುಟ ಮತ್ತೆ ತೆರೆಯಿತು. ಈ ಸಲ ಇಂದುಮತಿಯ ಫೋನು ಎಲ್ಲಕ್ಕಿಂತ ಮೇಲೆ ಕುಳಿತಿತು. ವಿಡಿಯೋದ ದಾರಿ ಅಗಲವಾಯಿತು. ಗಂಗವ್ವ ಬಾಗಲಕೋಟೆಗೆ ಫೋನು ಮಾಡಿ, "ತಪ್ಪ ನಮ್ಮ ಮನ್ಯಾರದ್ರಿ, ಹುಡುಗೀದಲ್ಲ. ಇನ್ನೊಂದ ಸಲ ಮಾತಾಡ್ಲಿರಿ," ಎಂದು ಬೇಡಿಕೊಂಡರು. ಮರುದಿನ ಅದೇ ಹೊತ್ತಿಗೆ ಎಂದು ನಿಗದಿಯಾಯಿತು.

ಮರುದಿನ ನಾಲ್ಕಕ್ಕೆ ಮಾಸ್ತರರು ಮನೆಯ ಉಳಿದ ಫೋನುಗಳನ್ನೆಲ್ಲ ಆರಿಸಿದರು. ಮೊಳೆಯಿಂದ ಹಸಿರು ಬಾವುಟ ತೆಗೆದು ಬಾಗಿಲಲ್ಲಿ ನೆಟ್ಟಗೆ ನಿಂತು ಮಗಳಿಗೆ ತೋರಿಸಿದರು. ಇಂದುಮತಿ ನಕ್ಕಳು. ಅವಳ ಕೈಗಳು ಎದ್ದವು. ನಾನು ಒಂದು ಬೆರಳನ್ನೂ ನಿಲ್ಲಿಸಲಿಲ್ಲ. ಅಂದು ನನ್ನೊಳಗೆ ಹಾದುಹೋದದ್ದು ಮಾತ್ರ ಗಾಳಿಯಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮದುವೆಯಾಯಿತು. ಇಂದುಮತಿ ಹೊಲಿಗೆ ಬಿಡಲಿಲ್ಲ. ಗುರುಪಾದನೇ ಗದಗಿನ ಪ್ರೆಸ್ಸಿಗೆ ಸೇರಿ ಇಲ್ಲಿಗೆ ಬಂದ. ಹೊಲಿಗೆ ಯಂತ್ರದ ಸುತ್ತ ಈಗ ಎರಡು ಜೊತೆ ಕೈಗಳು ಆಡುತ್ತಿದ್ದವು. ಮಾಸ್ತರರೂ ಮಗಳ ಎದುರು ಕುಳಿತು ದಿನಕ್ಕೊಂದು ಮಾತು ಕಲಿಯುತ್ತಿದ್ದರು, ತಪ್ಪು ಮಾಡಿ ಬೈಸಿಕೊಳ್ಳುತ್ತಿದ್ದರು.

ನನಗೆ ವಯಸ್ಸಾಯಿತು. ಮೈ ಸುಮ್ಮಸುಮ್ಮನೆ ಬಿಸಿಯಾಗುತ್ತಿತ್ತು, ನಡುವೆ ನಿದ್ದೆ ಹೋಗುತ್ತಿದ್ದೆ. ಹೊಸ ಪೆಟ್ಟಿಗೆ ಬಂದ ದಿನ ಮಾಸ್ತರರು ನನ್ನ ಬೆನ್ನಿನ ಚೀಟಿ ಬಿಡಿಸಲು ನೋಡಿದರು. ಅಂಟು ಒಣಗಿ ಗಟ್ಟಿಯಾಗಿತ್ತು, ಬಿಡಲಿಲ್ಲ. ನನ್ನನ್ನು ಹಸಿರು ಬಾವುಟದಲ್ಲಿ ಸುತ್ತಿ ಟ್ರಂಕಿನಲ್ಲಿ ಮಲಗಿಸಿದರು. ದೀಪವಿಲ್ಲದಿದ್ದರೂ ಕನಸು ಬೀಳುತ್ತದೆ. ಕನಸಿನ ತುಂಬ ಕೈಗಳು.

ಬಾವುಟದಲ್ಲಿ ಸುತ್ತುವ ಮುನ್ನ ಕಡೆಯದಾಗಿ ಕಂಡದ್ದು ಹೊಸ ಪೆಟ್ಟಿಗೆಯ ಬೆನ್ನು. ಮಾಸ್ತರರು ಅದಕ್ಕೂ ಒಂದು ಚೀಟಿ ಅಂಟಿಸಿದ್ದರು. ಅದರಲ್ಲಿ ಮೇಲ್ ಗಾಡಿಯೂ ಇರಲಿಲ್ಲ, ಗೂಡ್ಸ್ ಗಾಡಿಯೂ ಇರಲಿಲ್ಲ. ಒಂದೇ ಸಾಲಿತ್ತು: "ಮೊದಲು ಇಂದೂನ್ನ ಕೇಳಬೇಕು."